ದಾಸೋಹ ಕೊನೆಯ ಮನೆಗೂ ಮುಟ್ಟಲಿ


ಭದ್ರಾ ನಾಲೆಯ ನೀರು ಕೊನೆಭಾಗದ ಹೊಲ ಮುಟ್ಟದ ಸಂಕಟ ಹರಿಹರದ ರೈತರಿಗೆ ಗೊತ್ತು. ದಾಸೋಹದಲ್ಲೂ ಹಾಗಾಗಬಾರದು. ಮಠದ ಬಾಗಿಲಿಗೆ ಬಂದವರಿಗೆ ಅನ್ನ, ಅಕ್ಷರ ಸಿಗುತ್ತಿದೆ; ಬರಲಾಗದವರ ಲೆಕ್ಕವೆಲ್ಲಿ ಎಂಬುದು ನಿವೃತ್ತ ಎಂಜಿನಿಯರನಾದ ನನ್ನ ಪ್ರಶ್ನೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಗು ಶಾಲೆ ಬಿಟ್ಟರೆ ಕಾರಣ ಸಾಲವೋ, ಕಾಯಿಲೆಯೋ, ಕುಡಿತವೋ? ಮನೆಗೇ ಹೋಗಿ ವಿಚಾರಿಸಿ, ದಾಖಲಿಸಿ, ತಕ್ಕ ನೆರವಿಗೆ ಜೋಡಿಸುವುದನ್ನು ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಎರಡು ವರ್ಷ, ಪಾಠದ ಜೊತೆಗೇ ಕ್ಷೇತ್ರಕಾರ್ಯ ಮಾಡಿ ಕಲಿಯುತ್ತಾರೆ. 2009ರಲ್ಲಿ ಆರಂಭವಾದ ನಮ್ಮ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲೇ ಈ ಎಂ.ಎಸ್.ಡಬ್ಲ್ಯು. ಪದವಿಯಿದೆ.

ಮಠಗಳು ತಮ್ಮ ವಿದ್ಯಾರ್ಥಿನಿಲಯಗಳನ್ನು ಇವರ ಕ್ಷೇತ್ರಕಾರ್ಯಕ್ಕೆ ತೆರೆಯಲಿ. ಪದವಿ ಪಡೆದವರನ್ನು ಸಂಬಳ ಕೊಟ್ಟು ನೇಮಿಸಿಕೊಳ್ಳಲಿ. ಕಾಯಕವೆಂದು ಹೊಗಳಿ ಕೂಲಿ ತಪ್ಪಿಸುವುದು ಶರಣರ ದಾರಿಯಲ್ಲ.