ಬಾಡಿಗೆಯ ಬಿಸಿಲು

ಬಿಸಿಲನ್ನು ಹಣ ಕೊಟ್ಟು ಕೊಳ್ಳುವವರೂ ಉಂಟೆಂದರೆ ರಾಯಚೂರಿನ ಕಡೆಯವರು ನಕ್ಕಾರು. ಆದರೆ ಡಿಸೆಂಬರ್ ತಿಂಗಳಿನ ಲಂಡನ್ನಿನಲ್ಲಿ ಸಂಜೆ ನಾಲ್ಕು ಹೊಡೆಯುವ ಮೊದಲೇ ಸೂರ್ಯನು ಮುಳುಗಿಬಿಡುತ್ತಾನೆ. ಮುಳುಗುವ ಮುನ್ನ ಒಮ್ಮೆಯಾದರೂ ಮೋಡದ ಮರೆಯಿಂದ ಮುಖ ತೋರಿಸಿರುತ್ತಾನೆಂಬ ಭರವಸೆಯೇನೂ ಇಲ್ಲ. ಅಲ್ಲಿ ಉದ್ಯೋಗ ಹಿಡಿದು ನೆಲೆಸಿರುವ ನಮ್ಮವರಲ್ಲಿ ಕೆಲವರು ಚಳಿಗಾಲದ ನಡುವೆ ಒಂದೆರಡು ವಾರ ಸ್ಪೇನಿಗೆ ಹೊರಡುವುದುಂಟು. ರಜೆ ಪಡೆದು ಹೊರಡುವುದಾದರೆ ಹೊಸ ಸಂಗತಿಯೇನಲ್ಲ. ಇವರು ಕಚೇರಿಯನ್ನೇ ಚೀಲದಲ್ಲಿಟ್ಟುಕೊಂಡು ಹೊರಡುತ್ತಾರೆ. 2020ರ ಮಹಾಮಾರಿಯ ಕಾಲದಲ್ಲಿ ಮನೆಯಿಂದಲೇ ದುಡಿಯುವುದನ್ನು ಕಲಿತ ಮೇಲೆ, ಆ ಮನೆ ಯಾವ ಊರಿನಲ್ಲಿದ್ದರೇನು ಎಂಬ ವಿಚಾರ ಹುಟ್ಟಿದುದು ಸಹಜವಷ್ಟೆ.

ಹಾಗೆ ಹೋಗುವವರಿಗೆ ಒದಗಿಬರುವ ಊರುಗಳಲ್ಲಿ ಮಾಲಗಾ ಒಂದು. ಸ್ಪೇನಿನ ದಕ್ಷಿಣ ಅಂಚಿನಲ್ಲಿ, ಮೆಡಿಟರೇನಿಯನ್ ಕಡಲಿನ ದಡದಲ್ಲಿದೆ. ಬಡಗಣ ಗಾಳಿಯನ್ನು ಬೆನ್ನ ಹಿಂದಿನ ಬೆಟ್ಟಗಳು ತಡೆಯುತ್ತವೆ. ಜನವರಿಯಲ್ಲಿಯೂ ಹಗಲಿನ ಉಷ್ಣತೆ 16-17 ಡಿಗ್ರಿಗಳಷ್ಟಿರುತ್ತದೆ. ಚಿತ್ರಕಾರ ಪಿಕಾಸೋ 1881ರಲ್ಲಿ ಹುಟ್ಟಿದ್ದು ಇಲ್ಲಿ. ಮೂರ್ ಅರಸರ ಕೋಟೆಯೊಂದು ಬೆಟ್ಟದ ಮೇಲಿದೆ. ಅದರ ಕೆಳಗೆ, ಜೋಡಿ ಗೋಪುರಗಳಲ್ಲಿ ಒಂದನ್ನು ಮಾತ್ರ ಪೂರ್ತಿಯಾಗಿ ಕಟ್ಟಿಸಿಕೊಂಡು 1782ರಲ್ಲಿ ಕೆಲಸ ನಿಂತುಹೋದ ದೊಡ್ಡ ಚರ್ಚು. ಊರವರು ಅದನ್ನು ಪ್ರೀತಿಯಿಂದ 'ಒಂಟಿಗೈಯಾಕೆ' ಎಂದು ಕರೆಯುತ್ತಾರೆ.

ಇಷ್ಟನ್ನೂ ಯಾವ ಪ್ರವಾಸಿ ಕೈಪಿಡಿಯೂ ಹೇಳೀತು. ಅದು ಹೇಳದೆ ಬಿಡುವ ಸಂಗತಿಯೆಂದರೆ ಗಡಿಯಾರದ್ದು. ಸ್ಪೇನಿನ ಬಹುಭಾಗ ಗ್ರೀನ್‌ವಿಚ್ ರೇಖೆಯ ಪಶ್ಚಿಮಕ್ಕಿದೆ. ನ್ಯಾಯವಾಗಿ ಅಲ್ಲಿನ ಗಡಿಯಾರ ಲಂಡನ್ನಿನದರಂತೆಯೇ ನಡೆಯಬೇಕಿತ್ತು. ಆದರೆ 1940ರಲ್ಲಿ, ಫ್ರಾಂಕೋನ ಆಳ್ವಿಕೆಯಲ್ಲಿ, ಅದನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಬರ್ಲಿನ್ನಿನ ಹೊತ್ತೇ ಮ್ಯಾಡ್ರಿಡ್ಡಿನ ಹೊತ್ತಾಯಿತು. ಅದನ್ನು ಹಿಂದಕ್ಕೆ ತಿರುಗಿಸಿದವರಿಲ್ಲ. ಆದ್ದರಿಂದ ಡಿಸೆಂಬರಿನ ಕೊನೆಗೆ ಮಾಲಗಾದಲ್ಲಿ ಬೆಳಗಿನ ಎಂಟೂಕಾಲು ದಾಟಿದರೂ ಸೂರ್ಯನು ಹುಟ್ಟಿರುವುದಿಲ್ಲ. ಸೂರ್ಯನು ಮುಳುಗುವುದು ಸಂಜೆ ಆರರ ಸುಮಾರಿಗೆ.

ಈಗ ಲೆಕ್ಕ ಹಾಕಿ ನೋಡಬೇಕು. ಲಂಡನ್ನಿನ ಕಚೇರಿಗೆ ದುಡಿಯುವವನ ಒಂಬತ್ತರಿಂದ ಐದು, ಮಾಲಗಾದಲ್ಲಿ ಹತ್ತರಿಂದ ಆರು. ಎಂದರೆ ಅವನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಲ್ಲುವುದಕ್ಕೂ ಸೂರ್ಯನು ಮುಳುಗುವುದಕ್ಕೂ ಸರಿಹೋಯಿತು! ಬಿಸಿಲಿಗಾಗಿ ವಿಮಾನದ ಖರ್ಚು ತೆತ್ತು ಬಂದ ಬಡಪಾಯಿಗೆ ದಕ್ಕುವುದು ಮುಂಜಾವಿನ ಒಂದೂವರೆ ಗಂಟೆ, ಊಟದ ಬಿಡುವು, ಮತ್ತೆ ಶನಿವಾರ ಭಾನುವಾರ. ಇದಕ್ಕೆ ಬದಲಾಗಿ ಬೆಂಗಳೂರಿನ ಕಚೇರಿಗೆ ದುಡಿಯುವವನನ್ನು ಊಹಿಸಿಕೊಳ್ಳಿ. ನಮ್ಮ ಗಡಿಯಾರ ಚಳಿಗಾಲದಲ್ಲಿ ಅವರದಕ್ಕಿಂತ ನಾಲ್ಕೂವರೆ ಗಂಟೆ ಮುಂದು. ಇಲ್ಲಿ ಒಂಬತ್ತೂವರೆಗೆ ಕೆಲಸ ಆರಂಭವಾದರೆ ಅಲ್ಲಿ ಬೆಳಗಿನ ಐದು. ಆ ಕತ್ತಲಲ್ಲಿ ಏಳುವುದು ಯಾರಿಗೂ ಹಿತವಲ್ಲ. ಆದರೆ ಇಲ್ಲಿ ಆರೂವರೆಗೆ ಬಾಗಿಲು ಹಾಕುವಾಗ ಅಲ್ಲಿ ಮಧ್ಯಾಹ್ನದ ಎರಡು, ಸ್ಪೇನಿನವರು ಊಟಕ್ಕೆ ಕೂಡುವ ಹೊತ್ತು. ಮುಂದೆ ನಾಲ್ಕು ಗಂಟೆಗಳ ಬಿಸಿಲು ಅಖಂಡವಾಗಿ ಅವನದು. ಹೋಗುವ ಮೊದಲು ಮೇಲಧಿಕಾರಿಯೊಡನೆ ಕೆಲಸದ ಹೊತ್ತನ್ನು ಎರಡು ಗಂಟೆ ಹಿಂದಕ್ಕೆ ಎಳೆಸಿಕೊಂಡರೆ ಲಂಡನ್ನಿನವನಿಗೂ ಈ ಭಾಗ್ಯದಲ್ಲಿ ಅರ್ಧ ಪಾಲು ಸಿಕ್ಕೀತು.

ಇನ್ನು ಮನೆಯ ಮಾತು. ಆ ಸೀಮೆಯ ಮನೆಗಳು ಬೇಸಗೆಯನ್ನು ತಡೆಯಲೆಂದು ಕಟ್ಟಿದವು. ನೆಲಕ್ಕೆ ಹಾಸುಬಿಲ್ಲೆ, ಹಳೆಯ ಪೇಟೆಯಲ್ಲಿ ಬಿಸಿಲು ಇಳಿಯದಷ್ಟು ಇಕ್ಕಟ್ಟಾದ ಬೀದಿ. ಕೋಣೆಗಳನ್ನು ಕಾಯಿಸುವ ಏರ್ಪಾಡು ಅನೇಕ ಮನೆಗಳಲ್ಲಿ ಇಲ್ಲವೇ ಇಲ್ಲ. ಹೊರಗೆ ಅಂಗಿಯಲ್ಲಿ ಓಡಾಡಿದವನು ಒಳಗೆ ಬಂದು ಕಂಬಳಿ ಹೊದೆಯಬೇಕಾಗುತ್ತದೆ. ಅಲ್ಲಿನ ಹಿರಿಯರು ಗುಂಡು ಮೇಜಿಗೆ ನೆಲ ಮುಟ್ಟುವ ದಪ್ಪ ಬಟ್ಟೆ ಹೊದಿಸಿ, ಅದರ ಕೆಳಗೆ ಹಿಂದೆ ಕೆಂಡದ ತಟ್ಟೆಯನ್ನೂ ಈಗ ವಿದ್ಯುತ್ತಿನ ಒಲೆಯನ್ನೂ ಇಟ್ಟು, ಕಾಲುಗಳನ್ನು ಅದರೊಳಗೆ ಚಾಚಿ ಕುಳಿತುಕೊಳ್ಳುತ್ತಾರೆ. ನಮ್ಮ ಪ್ರವಾಸಿಗೆ ಅಂಥ ಮೇಜು ಸಿಗುವ ಸಂಭವ ಕಡಿಮೆ. ಕೋಣೆಯನ್ನು ಗೊತ್ತುಮಾಡುವಾಗ ಅವನು ಕೇಳಬೇಕಾದ ಮೊದಲ ಪ್ರಶ್ನೆ, ಕಿಟಕಿ ಯಾವ ದಿಕ್ಕಿಗೆ ಎಂಬುದು. ಸ್ಪ್ಯಾನಿಷ್ ನುಡಿಯಲ್ಲಿ ನಡುಹಗಲಿಗೂ ತೆಂಕಣ ದಿಕ್ಕಿಗೂ ಒಂದೇ ಮಾತು: 'ಮೆದಿಯೊದೀಯಾ'. ಆ ಮಾತೊಂದನ್ನು ಕಲಿತು ಹೊರಟರೆ ಸಾಕು.

ಊಟದ ಯೋಚನೆ ಸಸ್ಯಾಹಾರಿಗಳಿಗೆ ಇದ್ದದ್ದೇ. ಕಡಲೂರು, ಮೀನಿನದೇ ರಾಜ್ಯಭಾರ. ಆದರೂ ಬದನೆಕಾಯಿಯನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು, ಅದರ ಮೇಲೆ ಕಪ್ಪಗಿನ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಬಾಯಿಗಿಟ್ಟರೆ ಮಲೆನಾಡಿನ ಜೋನಿಬೆಲ್ಲವನ್ನು ನೆನೆಯದಿರಲಾಗದು. ಕಬ್ಬನ್ನು ಆ ನೆಲಕ್ಕೆ ತಂದವರು ಅರಬರು. ಮಾಲಗಾದ ಪೂರ್ವಕ್ಕಿರುವ ಫ್ರಿಹಿಲಿಯಾನ ಎಂಬ ಊರಿನಲ್ಲಿ ಇಂದಿಗೂ ಈ ಪಾಕವನ್ನು ಕಾಯಿಸುತ್ತಾರೆ. ಕಾಫಿಯಲ್ಲಂತೂ ಅವರು ನಮಗೆ ಸೋಲುವವರಲ್ಲ. ಹಾಲೆಷ್ಟು ಡಿಕಾಕ್ಷನ್ನೆಷ್ಟು ಎಂಬುದಕ್ಕೆ ತಕ್ಕಂತೆ ಬೇರೆ ಬೇರೆ ಹೆಸರು: ಹಾಲು ಹೆಚ್ಚಾದರೆ 'ನೆರಳು', ಇನ್ನೂ ಹೆಚ್ಚಾದರೆ 'ಮೋಡ'. ಈ ಹೆಸರುಗಳನ್ನು ಗೋಡೆಯ ಬಿಲ್ಲೆಗಳ ಮೇಲೆ ಚಿತ್ರಿಸಿ ಹೆಸರಾಗಿದ್ದ ಹಳೆಯ 'ಕಫೆ ಸೆಂತ್ರಾಲ್' 2022ರ ಜನವರಿಯಲ್ಲಿ ಮುಚ್ಚಿತು. ಹೆಸರುಗಳು ಊರೆಲ್ಲ ಉಳಿದಿವೆ.

ಕಾನೂನಿನ ವಿಚಾರವನ್ನು ಚುಟುಕಾಗಿ ಹೇಳಬಹುದು. ಪರದೇಶದ ಕಚೇರಿಗೆ ದುಡಿಯುತ್ತ ಸ್ಪೇನಿನಲ್ಲಿ ನೆಲೆಸಬಯಸುವವರಿಗಾಗಿ 2022ರ ಡಿಸೆಂಬರಿನ ಕಾನೂನು ಪ್ರತ್ಯೇಕ ವೀಸಾ ಒಂದನ್ನು ಏರ್ಪಡಿಸಿತು. ಆ ದೇಶದ ಕನಿಷ್ಠ ವೇತನದ ಎರಡರಷ್ಟಾದರೂ ವರಮಾನ ಬೇಕು. ಲಂಡನ್ನಿನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಹಿಡಿದವನಿಗೆ ಸ್ಪೇನಿಗೆ ಕಾಲಿಡಲು ಷೆಂಗೆನ್ ವೀಸಾ ಬೇಕೇ ಬೇಕು. ಪ್ರವಾಸಿಯ ವೀಸಾ ಪ್ರವಾಸಕ್ಕೆಂದೇ ಕೊಟ್ಟದ್ದಾದುದರಿಂದ, ಅದರ ಮೇಲೆ ಕಚೇರಿಯ ಕೆಲಸ ಮಾಡಬಹುದೆ ಎಂಬುದನ್ನು ದೂತಾವಾಸದಲ್ಲಿಯೂ ತನ್ನ ಕಚೇರಿಯಲ್ಲಿಯೂ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಹೀಗೆ ಬಂದಿಳಿಯುವವರಿಗೆ ಮನೆ ಎಲ್ಲಿಂದ ಬರುತ್ತದೆ? ಊರವರ ಮನೆಗಳಿಂದಲೇ. ತಿಂಗಳ ಬಾಡಿಗೆಗೆ ಸಂಸಾರವೊಂದಕ್ಕೆ ಕೊಟ್ಟಿದ್ದ ಮನೆಯನ್ನು ದಿನಬಾಡಿಗೆಗೆ ಪರದೇಶಿಗಳಿಗೆ ಕೊಟ್ಟರೆ ಒಡೆಯನಿಗೆ ಲಾಭ ಹೆಚ್ಚು. ಹಳೆಯ ಪೇಟೆಯ ಬಾಗಿಲು ಬಾಗಿಲಿಗೂ ಕೀಲಿಕೈ ಇಡುವ ಅಂಕಿಗಳ ಪುಟ್ಟ ಪೆಟ್ಟಿಗೆ ತೂಗುತ್ತಿದ್ದರೆ, ಆ ಬೀದಿಯಲ್ಲಿ ಊರಿನವರು ಉಳಿದಿಲ್ಲವೆಂದೇ ತಿಳಿಯಬೇಕು. ದಾದಿ, ಉಪಾಧ್ಯಾಯ, ಹೋಟೆಲಿನ ಮಾಣಿ ಇವರೆಲ್ಲ ಊರಿನ ಹೊರವಲಯಕ್ಕೆ ಸರಿಯುತ್ತಾರೆ. 2024ರ ಜೂನ್ 29ರಂದು ಸಾವಿರಾರು ಜನರು ಮಾಲಗಾದ ಬೀದಿಗಿಳಿದು, ಈ ಊರು ಬಾಳುವುದಕ್ಕಾಗಿ ಇರಲಿ, ಹೇಗೋ ಉಸಿರು ಹಿಡಿದುಕೊಂಡಿರುವುದಕ್ಕಲ್ಲ ಎಂದು ಕೂಗಿದರು. 2025ರ ಜನವರಿಯಲ್ಲಿ ನಗರಸಭೆಯು 43 ಬಡಾವಣೆಗಳಲ್ಲಿ ಹೊಸದಾಗಿ ಪ್ರವಾಸಿ ಮನೆಗಳನ್ನು ತೆರೆಯದಂತೆ ತಡೆಯಿತು. ಪ್ರವಾಸಿಯನ್ನು ಊರವರು ದ್ವೇಷಿಸುತ್ತಾರೆಂದು ಇದಕ್ಕೆ ಅರ್ಥ ಹಚ್ಚುವುದು ಸರಿಯಾಗದು. ಅವನಿಂದ ಹೊಟ್ಟೆ ಹೊರೆಯುವವರೂ ಆ ಮೆರವಣಿಗೆಯ ಊರಿನವರೇ. ಬೆಂಗಳೂರಿನಲ್ಲಿ ಬಾಡಿಗೆಯ ಮನೆಗಾಗಿ ಅಲೆದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೆರಡು ವಾರಕ್ಕಾಗಿ ಹೋಗುವವನಿಗೆ ಹೋಟೆಲಿನ ಕೋಣೆಯೇ ತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಕೋಣೆ ಬೆಚ್ಚಗಿರುವ ಸಂಭವವೂ ಅಲ್ಲಿಯೇ ಹೆಚ್ಚು. ಯಾರ ಸಂಸಾರವೂ ಅದಕ್ಕಾಗಿ ಗಂಟುಮೂಟೆ ಕಟ್ಟಿರುವುದಿಲ್ಲ. ಕ್ರಿಸ್ಮಸ್ಸಿನ ದೀಪಗಳನ್ನು ನೋಡಲು ಲಾರಿಯೋಸ್ ಬೀದಿಯಲ್ಲಿ ಜನ ಕಿಕ್ಕಿರಿಯುತ್ತಾರೆ. ಜನವರಿ 6ರ ಮೂವರು ರಾಜರ ಹಬ್ಬ ಕಳೆದ ಮೇಲೆ ನೂಕುನುಗ್ಗಲು ಇಳಿಯುತ್ತದೆ. ತಿಂಗಳ ಕೊನೆಯ ಹೊತ್ತಿಗೆ ಸಂಜೆಯ ಬಿಸಿಲೂ ಅರ್ಧ ಗಂಟೆಯಷ್ಟು ಬೆಳೆದಿರುತ್ತದೆ.