ಪಾಸ್‌ವರ್ಡ್ ಸರಿ ಇದೆ, ಬಾಗಿಲು ಮಾತ್ರ ತೆರೆಯುವುದಿಲ್ಲ

ಕಳೆದ ತಿಂಗಳ ಒಂದು ಸೋಮವಾರ. ಡೊಂಬಿವಲಿಯ ಮನೆಯಲ್ಲಿ ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಲೋಕಲ್ ಹಿಡಿಯಲು ಹೊರಟಿದ್ದೆ. ಎದುರಿನ ವಿಂಗಿನ ಅಕ್ಕನ ಫೋನ್ ಬಂತು. ಉಡುಪಿ ಕಡೆಯವರು, ನಮ್ಮ ಬಿಲ್ಡಿಂಗಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಒಂದು ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೆಲಸ. ವಾರಕ್ಕೆ ಮೂರು ದಿನ ಐರೋಲಿಯ ಆಫೀಸು, ಎರಡು ದಿನ ಮನೆಯಿಂದಲೇ ಕೆಲಸ.

"ಒಮ್ಮೆ ಬಂದು ಹೋಗು ಮಾರಾಯ. ಆಫೀಸಿನ ಆಪ್ ಒಳಗೇ ಬಿಡುದಿಲ್ಲ. ಪಾಸ್‌ವರ್ಡ್ ಸರಿ ಉಂಟು, ಆದ್ರೂ ಬಿಡುದಿಲ್ಲ" ಎಂದರು.

"ಹತ್ತು ನಿಮಿಷದಲ್ಲಿ ಬರ್ತೇನೆ ಅಕ್ಕ, ಅಷ್ಟರವರೆಗೆ ಏನೂ ಒತ್ತಬೇಡಿ" ಎಂದೆ. ನಾನೂ ಒಂದು ಆಫೀಸಿನ ಐಟಿ ಸಪೋರ್ಟಿನಲ್ಲೇ ಇರುವವನು. ಸೋಮವಾರ ಬೆಳಗ್ಗೆ ಇಂಥ ಫೋನುಗಳು ನನಗೆ ಹೊಸದಲ್ಲ.

ಅವರ ಮನೆಗೆ ಹೋಗುವಾಗ ಕಂಡ ದೃಶ್ಯ ಮಾತ್ರ ಹೊಸದು. ಅಕ್ಕ ಡೈನಿಂಗ್ ಟೇಬಲ್ಲಿನ ಮುಂದೆ ಕೂತು, ಫೋನನ್ನು ಸ್ಪೀಕರಿನಲ್ಲಿಟ್ಟು ಯಾರಿಗೋ ಹಿಂದಿಯಲ್ಲಿ ಅಂಕಿಗಳನ್ನು ಓದಿ ಹೇಳುತ್ತಿದ್ದರು. "ಚಾರ್... ಸಾತ್... ದೋ..." ಆ ಕಡೆಯ ಗಂಡಸಿನ ದನಿ ಬಹಳ ನಯವಾಗಿತ್ತು. "ಹಾಂ ಮೇಡಂ, ಆಗೇ ಬೋಲಿಯೇ." ನಾನು ಏನೂ ಕೇಳದೆ ಫೋನ್ ಕಟ್ ಮಾಡಿದೆ. ಅಕ್ಕನಿಗೆ ಸಿಟ್ಟೇ ಬಂತು.

ನಡೆದದ್ದು ಇಷ್ಟು. ಭಾನುವಾರ ಮಗ ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದುಕೊಟ್ಟಿದ್ದ. ಫೋಟೋ, ವಾಟ್ಸಾಪ್, ನಂಬರುಗಳು ಎಲ್ಲವೂ ಹೊಸ ಫೋನಿಗೆ ಬಂದಿದ್ದವು. ಅಂಗಡಿಯಲ್ಲೇ ಹಳೆಯ ಫೋನನ್ನು ಪೂರ್ತಿ ಅಳಿಸಿ ಕೊಟ್ಟಾಗಿತ್ತು. ಸೋಮವಾರ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಹಾಕಿದರೆ, "ಅಥೆಂಟಿಕೇಟರ್ ಆಪ್‌ನಲ್ಲಿ ಒಪ್ಪಿಗೆ ಕೊಡಿ" ಎಂದು ಆಫೀಸಿನ ಆಪ್ ಕೇಳುತ್ತಿದೆ. ಆ ಒಪ್ಪಿಗೆ ಹೋಗುತ್ತಿದ್ದದ್ದು ಅಂಗಡಿಯಲ್ಲಿ ಉಳಿದ ಹಳೆಯ ಫೋನಿಗೆ. ಅಕ್ಕ ಪಾಸ್‌ವರ್ಡೇ ತಪ್ಪಿರಬೇಕೆಂದು ಬೇರೆ ಬೇರೆ ಹಾಕಿ ನೋಡಿದರು. ಕೊನೆಗೆ ಖಾತೆಯೇ ಲಾಕ್ ಆಯಿತು. ಹತ್ತು ಗಂಟೆಗೆ ಮೀಟಿಂಗ್. ಗಾಬರಿಯಲ್ಲಿ ಭಾವ ಇಂಟರ್ನೆಟ್ಟಿನಲ್ಲಿ "ಕಸ್ಟಮರ್ ಕೇರ್ ನಂಬರ್" ಎಂದು ಹುಡುಕಿದರು. ಒಂದು ನಂಬರ್ ಸಿಕ್ಕಿತು, ಮೊದಲ ರಿಂಗಿಗೇ ಎತ್ತಿಕೊಂಡರು. ಒಂದು ಆಪ್ ಹಾಕಿಕೊಳ್ಳಿ, ಅದರಲ್ಲಿ ಕಾಣುವ ನಂಬರ್ ಹೇಳಿ, ಎಲ್ಲ ನಾವೇ ಸರಿ ಮಾಡುತ್ತೇವೆ ಎಂದರು.

ಆ ಆಪ್ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವ ಆಪ್. ಅಕ್ಕ ಓದುತ್ತಿದ್ದದ್ದು ಅದರ ನಂಬರ್. ಪೂರ್ತಿ ಹೇಳಿ, ಆಮೇಲೆ ಬರುವ ಒಪ್ಪಿಗೆಯನ್ನೂ ಒತ್ತಿದ್ದರೆ ಅವರ ಫೋನಿನ ಪರದೆಯೆಲ್ಲ ಆ ಮನುಷ್ಯನ ಕಣ್ಣ ಮುಂದೆ ಇರುತ್ತಿತ್ತು. ಬ್ಯಾಂಕಿನ ಒಟಿಪಿ ಕೂಡ. ಇಂಥ ಆಪ್‌ಗಳ ಮೂಲಕ ಖಾತೆ ಖಾಲಿ ಮಾಡುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಫೋನಿನ ಇಂಟರ್ನೆಟ್ ನಿಲ್ಲಿಸಿದೆ, ಆ ಆಪ್ ತೆಗೆದೆ, ಭಾವನ ಫೋನಿನಿಂದ ಬ್ಯಾಂಕಿಗೆ ಕೇಳಿದೆವು. ಹಣ ಹೋಗಿರಲಿಲ್ಲ. ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕಿತ್ತು. ಸೈಬರ್ ವಂಚನೆಗೆ ಇರುವ ಸರಕಾರಿ ಸಹಾಯವಾಣಿ ಅದು; ಎಷ್ಟು ಬೇಗ ತಿಳಿಸುತ್ತೇವೋ ಹಣವನ್ನು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

"ಅಕ್ಕ, ಮೊದಲೇ ನಿಮ್ಮ ಆಫೀಸಿನ ಐಟಿಯವರಿಗೆ ಯಾಕೆ ಫೋನ್ ಮಾಡಲಿಲ್ಲ?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಎಂತ ಹೇಳುದು? ಅಲ್ಲಿ ಎಲ್ಲ ಸಣ್ಣ ಪ್ರಾಯದ ಮಕ್ಕಳು. ಈ ಆಂಟಿಗೆ ಲಾಗಿನ್ ಮಾಡ್ಲಿಕ್ಕೂ ಬರುದಿಲ್ಲ ಅಂತ ನಗುದಿಲ್ವಾ?"

ಈ ಸಲದ ಅಂಕಣಕ್ಕೆ ಕಾರಣ ಅವರ ಈ ಮಾತು. ಲಾಗಿನ್ ಆಗದಿರುವುದು ದೊಡ್ಡ ರೋಗವಲ್ಲ. ನಾಚಿಕೆಯಿಂದ ತಪ್ಪು ಬಾಗಿಲು ತಟ್ಟುವುದೇ ಅಪಾಯ. ಆಫೀಸಿನ ಖಾತೆಯ ಬೀಗದ ಕೈ ಇರುವುದು ನಿಮ್ಮ ಆಫೀಸಿನ ಐಟಿಯವರ ಬಳಿ ಮಾತ್ರ. ಟೀಮ್ಸ್ ಆಗಲಿ, ಸ್ಲ್ಯಾಕ್ ಆಗಲಿ, ಆಪ್ ತಯಾರಿಸಿದ ಕಂಪನಿಗೆ ನೀವು ಫೋನ್ ಮಾಡಿ "ನಾನು ಇಂಥವಳು, ನನ್ನನ್ನು ಒಳಗೆ ಬಿಡಿ" ಎಂದರೆ ಅವರು ಬಿಡುವ ವ್ಯವಸ್ಥೆಯೇ ಇಲ್ಲ. ಹಿಂದೆ ಊರಿನಿಂದ ಮುಂಬಯಿಗೆ ಬಂದ ಹುಡುಗನನ್ನು ಹೋಟೆಲಿನ ಕೆಲಸಕ್ಕೆ ಸೇರಿಸಿಕೊಳ್ಳಬೇಕಾದರೆ ಗುರುತಿನವರೊಬ್ಬರು "ಇವ ನಮ್ಮವ" ಎನ್ನಬೇಕಿತ್ತಲ್ಲ, ಇಲ್ಲಿಯೂ ಹಾಗೆಯೇ. ಆ ಮಾತು ಹೇಳಬಲ್ಲವರು ನಿಮ್ಮ ಆಫೀಸಿನವರು. ಹೊರಗಿನವನೊಬ್ಬ "ನಾನು ತೆರೆದುಕೊಡ್ತೇನೆ" ಎಂದರೆ ಅವನು ಕಳ್ಳ ಎಂದೇ ತಿಳಿಯಿರಿ.

ದೊಡ್ಡ ಕಂಪನಿಯವರೂ ಇದರಲ್ಲಿ ಮೋಸಹೋಗಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯ ಒಳಗಿನ ವ್ಯವಸ್ಥೆಗೆ ಕಳ್ಳ ನುಗ್ಗಿದ್ದು ಹೀಗೆಯೇ. ಗುತ್ತಿಗೆ ಕೆಲಸಗಾರರೊಬ್ಬರ ಪಾಸ್‌ವರ್ಡ್ ಅವನ ಕೈಗೆ ಸಿಕ್ಕಿತ್ತು. ಒಪ್ಪಿಗೆ ಕೇಳುವ ಸೂಚನೆಗಳು ಅವರ ಫೋನಿಗೆ ಮತ್ತೆ ಮತ್ತೆ ಬಂದವು. ಕೊನೆಗೊಮ್ಮೆ ಅವರು ಒಪ್ಪಿಬಿಟ್ಟರು. ಇಂಥದ್ದು ಹೆಚ್ಚಿದ್ದರಿಂದಲೇ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿನಿಂದ ತನ್ನ ಅಥೆಂಟಿಕೇಟರ್ ಆಪ್‌ನಲ್ಲಿ ಬರೀ "ಒಪ್ಪುತ್ತೇನೆ" ಒತ್ತುವುದನ್ನು ಬಿಡಿಸಿ, ಲಾಗಿನ್ ಪರದೆಯಲ್ಲಿ ಕಾಣುವ ಎರಡಂಕಿಯ ನಂಬರನ್ನು ಫೋನಿನಲ್ಲಿ ಹಾಕಲೇಬೇಕು ಎಂದು ಮಾಡಿತು. ನೀವು ಲಾಗಿನ್ ಮಾಡದೆ ಇರುವಾಗ ಅಂಥ ಸೂಚನೆ ಬಂದರೆ, ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗಿದೆ ಎಂದರ್ಥ. ನಿರಾಕರಿಸಿ, ಪಾಸ್‌ವರ್ಡ್ ಬದಲಿಸಿ, ಐಟಿಯವರಿಗೆ ತಿಳಿಸಿ.

ಇನ್ನು ಬಾಗಿಲು ತೆರೆಯದಿದ್ದಾಗ ನಾನು ನೋಡುವ ಕ್ರಮ ಹೇಳುತ್ತೇನೆ. ಟೀಮ್ಸ್ ಇಟ್ಟುಕೊಂಡು ಹೇಳುತ್ತೇನೆ, ನಮ್ಮಲ್ಲಿ ತುಂಬ ಮಂದಿ ಬಳಸುವುದು ಅದನ್ನೇ.

ಮೊದಲು, ತೊಂದರೆ ನಿಮ್ಮೊಬ್ಬರದೋ ಎಲ್ಲರದೋ ನೋಡಿ. ಪಕ್ಕದ ಸಹೋದ್ಯೋಗಿಗೆ ವಾಟ್ಸಾಪಿನಲ್ಲಿ ಒಂದು ಮಾತು ಕೇಳಿದರೆ ಸಾಕು. 2023ರ ಜನವರಿ 25ರಂದು ಮೈಕ್ರೋಸಾಫ್ಟಿನ ನೆಟ್‌ವರ್ಕಿನಲ್ಲಿ ಮಾಡಿದ ಒಂದು ಬದಲಾವಣೆಯಿಂದ ಟೀಮ್ಸ್, ಔಟ್‌ಲುಕ್ ಎಲ್ಲ ಹಲವು ದೇಶಗಳಲ್ಲಿ ಗಂಟೆಗಟ್ಟಲೆ ನಿಂತಿದ್ದವು. ನಮಗದು ಮಧ್ಯಾಹ್ನ, ಆಫೀಸಿನ ನಡು ಹೊತ್ತು. ಆ ದಿನ ಪಾಸ್‌ವರ್ಡ್ ಬದಲಿಸಿ ಫಲವಿರಲಿಲ್ಲ. ಚಹಾ ಕುಡಿದು ಕಾಯುವುದೊಂದೇ ದಾರಿ. ಹಾಗೆಯೇ ವಿಮಾನ ನಿಲ್ದಾಣ, ಕಾಫಿ ಅಂಗಡಿಗಳ ವೈಫೈ ಮೊದಲು ತನ್ನದೇ ಪುಟದಲ್ಲಿ ಫೋನ್ ನಂಬರ್ ಕೇಳುತ್ತದೆ. ಅದನ್ನು ಮುಗಿಸುವ ತನಕ ಆಫೀಸಿನ ಆಪ್ ಸುಮ್ಮನೆ ಸುತ್ತುತ್ತಲೇ ಇರುತ್ತದೆ.

ಎರಡನೆಯದು, ಯಾವ ಖಾತೆಯಿಂದ ಹೋಗುತ್ತಿದ್ದೀರಿ? ಮನೆಯ ಕಂಪ್ಯೂಟರಿನಲ್ಲಿ ಮಗನ ಕಾಲೇಜಿನ ಖಾತೆಯೋ ನಿಮ್ಮ ಸ್ವಂತ ಖಾತೆಯೋ ಮೊದಲೇ ತೆರೆದಿದ್ದರೆ ಟೀಮ್ಸ್ ಅದನ್ನೇ ಹಿಡಿದುಕೊಳ್ಳುತ್ತದೆ. ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಅಲ್ಲಿಂದ ಟೀಮ್ಸ್ ಪುಟಕ್ಕೆ ಹೋಗಿ ನೋಡಿ. ಅಲ್ಲಿ ತೆರೆದರೆ ನಿಮ್ಮ ಖಾತೆ ಸರಿ ಇದೆ, ತೊಂದರೆ ಕಂಪ್ಯೂಟರಿನದು. ಆಗ ವಿಂಡೋಸ್ ಸೆಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ಟೀಮ್ಸ್ ಹುಡುಕಿ, ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗಿನ ರಿಸೆಟ್ ಒತ್ತಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ನಿಮ್ಮ ಚಾಟ್‌ಗಳು ಸರ್ವರಿನಲ್ಲಿರುವುದರಿಂದ ಅಳಿಸಿಹೋಗುವುದಿಲ್ಲ.

ಮೂರನೆಯದು ಪಾಸ್‌ವರ್ಡ್. ಎರಡು ಸಲ ತಪ್ಪಾದರೆ ನಿಲ್ಲಿಸಿ. ಸಾಮಾನ್ಯ ಸೆಟಿಂಗಿನಲ್ಲಿ ಹತ್ತು ಸಲ ತಪ್ಪಿದರೆ ಮೈಕ್ರೋಸಾಫ್ಟ್ ಖಾತೆ ಒಂದು ನಿಮಿಷ ಲಾಕ್ ಆಗುತ್ತದೆ, ಮತ್ತೂ ತಪ್ಪಿದರೆ ಲಾಕಿನ ಅವಧಿ ಉದ್ದವಾಗುತ್ತದೆ. ಆಫೀಸಿನವರು ಇದನ್ನು ಇನ್ನೂ ಬಿಗಿ ಮಾಡಿರಬಹುದು. ಹೊಸ ಪಾಸ್‌ವರ್ಡ್ ಇಟ್ಟ ಮೇಲೆ ಫೋನು, ಟ್ಯಾಬು ಎಲ್ಲ ಕಡೆಯೂ ಬದಲಿಸಿ. ಇಲ್ಲವಾದರೆ ಅವು ಹಳೆಯದನ್ನೇ ಹಿಡಿದುಕೊಂಡು ಬಾಗಿಲು ತಟ್ಟುತ್ತಿರುತ್ತವೆ.

ನಾಲ್ಕನೆಯದು ಎರಡನೇ ಬೀಗ, ಅಂದರೆ ಫೋನಿನ ಕೋಡು. ಅಥೆಂಟಿಕೇಟರಿನಲ್ಲಿ ಬದಲಾಗುತ್ತಲೇ ಇರುವ ಆರಂಕಿಯ ಕೋಡ್ ಸಮಯದ ಲೆಕ್ಕದಿಂದ ಹುಟ್ಟುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೆ ಒಂದು. ಫೋನಿನ ಗಡಿಯಾರವನ್ನು ಯಾರಾದರೂ ಕೈಯಿಂದ ಐದು ನಿಮಿಷ ಮುಂದಿಟ್ಟಿದ್ದರೆ ಕೋಡ್ ಎಷ್ಟು ಸರಿಯಾಗಿ ಹಾಕಿದರೂ ತಪ್ಪೇ. ಸಮಯವನ್ನು ಆಟೋಮ್ಯಾಟಿಕ್ ಮಾಡಿದರೆ ಸರಿಯಾಗುತ್ತದೆ. ಲೋಕಲ್ ತಪ್ಪಬಾರದೆಂದು ಗಡಿಯಾರ ಮುಂದಿಡುವವರು ನಮ್ಮಲ್ಲಿ ಕಡಿಮೆಯೇ?

ಕೊನೆಯದಾಗಿ, ಪರದೆಯಲ್ಲಿ ಬರುವ ತಪ್ಪಿನ ಸಂಖ್ಯೆಯ ಫೋಟೋ ತೆಗೆಯಿರಿ. ನಮಗೆ ಅದು ಡಾಕ್ಟರಿಗೆ ರಿಪೋರ್ಟು ಇದ್ದ ಹಾಗೆ. 50126 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 50055 ಎಂದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ. 50053 ಎಂದರೆ ಖಾತೆ ಲಾಕ್. 53003 ಎಂದರೆ ನಿಮ್ಮ ಜಾಗ ಅಥವಾ ಉಪಕರಣಕ್ಕೆ ಆಫೀಸಿನ ನಿಯಮ ಅಡ್ಡ ಬಂದಿದೆ. ಅದನ್ನು ನೀವು ಮನೆಯಲ್ಲಿ ಕೂತು ಸರಿಮಾಡಲಾರಿರಿ. "ಆಪ್ ಓಪನ್ ಆಗ್ತಿಲ್ಲ" ಎನ್ನುವ ಬದಲು ಈ ಸಂಖ್ಯೆ ಹೇಳಿದರೆ ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಇಳಿಯುತ್ತದೆ.

ಅಕ್ಕನ ವಿಷಯಕ್ಕೆ ಬರುತ್ತೇನೆ. ನಾನು ಹೇಳಿದ್ದು ಒಂದೇ, ಮ್ಯಾನೇಜರಿಗೆ ಮಾಮೂಲಿ ಫೋನ್ ಕಾಲ್ ಮಾಡಿ ಎಂದು. ಅಳುಕುತ್ತಲೇ ಮಾಡಿದರು. ಆ ಹುಡುಗಿ ನಗಲಿಲ್ಲ. "ಅರೆ ತಾಯಿ, ಮಾಝಾ ಪಣ್ ಅಸಂಚ್ ಝಾಲಾ ಹೋತಾ" ಎಂದಳು, ತನಗೂ ಹೀಗೇ ಆಗಿತ್ತೆಂದು. ಅವಳೇ ಟಿಕೆಟ್ ಹಾಕಿಸಿದಳು. ಐಟಿಯವರು ವಿಡಿಯೋ ಕಾಲಿನಲ್ಲಿ ಮುಖ, ಐಡಿ ಕಾರ್ಡ್ ನೋಡಿ, ಹಳೆಯ ಫೋನಿನ ನೋಂದಣಿ ತೆಗೆದು, ಸ್ವಲ್ಪ ಹೊತ್ತಿಗೆ ಮಾತ್ರ ನಡೆಯುವ ತಾತ್ಕಾಲಿಕ ಪಾಸ್ ಕೊಟ್ಟರು. ಅದರಿಂದ ಒಳಗೆ ಹೋಗಿ ಹೊಸ ಫೋನನ್ನು ಕ್ಯೂಆರ್ ಸ್ಕ್ಯಾನ್ ಮಾಡಿ ಸೇರಿಸಿಕೊಂಡರು. ಹನ್ನೊಂದೂವರೆಗೆ ಕೆಲಸ ಶುರುವಾಯಿತು. ರಜೆಯೂ ಕಡಿತವಾಗಲಿಲ್ಲ. ನನ್ನ ಲೋಕಲ್ ಮಾತ್ರ ತಪ್ಪಿತ್ತು.

ಹಾಗಾಗಿ ಹಳೆಯ ಫೋನನ್ನು ಕೊಡುವ ಮೊದಲು ಆಫೀಸಿನ ಅಥೆಂಟಿಕೇಟರನ್ನು ಹೊಸದರಲ್ಲಿ ಸೇರಿಸಿ, ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಬ್ಯಾಕಪ್ಪಿನಿಂದ ಖಾತೆಯ ಹೆಸರು ಬಂದು ಕೂತಿತೆಂದು ನಂಬಬೇಡಿ. ಆಫೀಸಿನ ಖಾತೆಗೆ ಹೆಚ್ಚಾಗಿ ಹೊಸದಾಗಿಯೇ ಗುರುತು ಕೊಡಬೇಕಾಗುತ್ತದೆ. ಆಫೀಸು ಬಿಟ್ಟರೆ ಇನ್ನೊಂದು ದಾರಿಯನ್ನೂ ನೋಂದಾಯಿಸಿಡಿ, ಆಪ್ ಜೊತೆಗೆ ಫೋನ್ ನಂಬರ್ ಇರಲಿ. ಆ ನಂಬರ್ ಈಗ ಬಳಸುವುದೇ ಆಗಿರಲಿ, ಹಿಂದಿನ ಆಫೀಸಿನ ಸಿಮ್ಮಿನದಲ್ಲ. ಮಳೆಗಾಲದಲ್ಲಿ ಊರಿಗೆ ಹೋಗಿ ಅಲ್ಲಿಂದ ಕೆಲಸ ಮಾಡುವವರು ನೆನಪಿಡಿ: ಎಸ್‌ಎಂಎಸ್‌ಗೆ ನೆಟ್‌ವರ್ಕ್ ಬೇಕು, ಆದರೆ ಅಥೆಂಟಿಕೇಟರಿನ ಆರಂಕಿಯ ಕೋಡಿಗೆ ಫೋನಿನಲ್ಲಿ ಸಿಗ್ನಲ್ ಬೇಕಿಲ್ಲ.

ಮತ್ತೆ, ಆಫೀಸಿನ ಐಟಿಯವರ ನಂಬರನ್ನು ಕಾಗದದಲ್ಲಿ ಬರೆದಿಡಿ. ಲಾಗಿನ್ ಆಗದಿದ್ದಾಗ ಆಪ್ ಒಳಗಿರುವ ನಂಬರ್ ನಿಮಗೆ ಕಾಣುವುದಿಲ್ಲ, ಆಗಲೇ ಇಂಟರ್ನೆಟ್ಟಿನಲ್ಲಿ ಹುಡುಕುವ ಬುದ್ಧಿ ಬರುವುದು.

ಅಕ್ಕ ಆ ಚೀಟಿಯನ್ನು ಫ್ರಿಡ್ಜಿಗೆ ಅಂಟಿಸಿದ್ದಾರೆ, ಹಾಲಿನವನ ಲೆಕ್ಕದ ಪಕ್ಕದಲ್ಲಿ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದರು, "ನಮ್ಮ ಸೆಕ್ಷನ್ನಿನ ಒಬ್ಬ ಹುಡುಗ ಬೆಳಗ್ಗೆ ಫೋನ್ ಮಾಡಿದ, ಲಾಗಿನ್ ಆಗುದಿಲ್ಲ ಅಂತ. ಇಪ್ಪತ್ತನಾಲ್ಕು ವರ್ಷ ಅವನಿಗೆ. ಎಲ್ಲಿಯೂ ಹುಡುಕ್ಲಿಕ್ಕೆ ಹೋಗ್ಬೇಡ, ಐಟಿಗೆ ಫೋನ್ ಮಾಡು ಅಂತ ನಂಬರ್ ಕೊಟ್ಟೆ."

"ನೀವು ನಗಲಿಲ್ಲ ತಾನೆ ಅಕ್ಕ?" ಎಂದೆ.

"ಫೋನ್ ಇಟ್ಟ ಮೇಲೆ ಸ್ವಲ್ಪ" ಎಂದರು.