ಅಂತಃಕರಣಕ್ಕೆ 140 ಅಂಕ

ವೈದ್ಯ ವಿದ್ಯಾರ್ಥಿಗೆ ರೋಗಿಯ ಬಗ್ಗೆ ಅಂತಃಕರಣ ಎಷ್ಟಿದೆ ಎಂದು ಅಳೆಯಲು ಒಂದು ಪ್ರಶ್ನಾವಳಿ ಇದೆ. ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಹೊಜತ್ ಮತ್ತು ಸಂಗಡಿಗರು ರೂಪಿಸಿದ್ದು. 20 ಹೇಳಿಕೆ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ, ಗರಿಷ್ಠ 140. ನಮ್ಮ ಕಾಲೇಜುಗಳಲ್ಲೂ ಇದನ್ನು ಹಂಚಿ, ತುಂಬಿಸಿಕೊಂಡು, ಪ್ರಬಂಧ ಬರೆಯುತ್ತಾರೆ. ರೋಗಿಯ ಮನಸ್ಸು ಅರಿಯುವುದು ಮುಖ್ಯವೇ ಎಂದರೆ ನೀಟ್ ದಾಟಿ ಬಂದ ಯಾವ ಹುಡುಗ ಅಲ್ಲ ಎನ್ನುತ್ತಾನೆ? ಪರೀಕ್ಷಕನಿಗೆ ಬೇಕಾದ ಉತ್ತರವನ್ನು ಮೂಸಿ ಹಿಡಿಯುವುದನ್ನೇ ಅಲ್ಲವೇ ಕೋಚಿಂಗ್ ಸೆಂಟರಿನಲ್ಲಿ ಅವನು ಕಲಿತದ್ದು.

ಮೂರನೇ ವರ್ಷದಲ್ಲಿ ಈ ಅಂಕ ಇಳಿಯುತ್ತದೆ ಎಂದು 2009ರಲ್ಲಿ ಹೊಜತ್ ತಂಡವೇ ಬರೆಯಿತು. ಅದು ಉತ್ಪ್ರೇಕ್ಷೆ ಎಂದು ಮರುವರ್ಷವೇ ಬೇರೆಯವರು ತಿರುಗಿಬಿದ್ದರು. ಆ ಜಗಳ ಅವರಿಗಿರಲಿ. ಅಲ್ಲಿ ಮೂರನೇ ವರ್ಷವೆಂದರೆ ಹುಡುಗರು ಪುಸ್ತಕ ಬಿಟ್ಟು ವಾರ್ಡಿಗೆ ಇಳಿಯುವ ವರ್ಷ. ಅಂಕ ಇಳಿದದ್ದು ನಿಜವಾದರೆ ಅಳೆಯಬೇಕಾದ್ದು ಹುಡುಗರನ್ನೋ, ವಾರ್ಡನ್ನೋ?

ನಮ್ಮಲ್ಲಿ 2019ರಿಂದ ಎಂಬಿಬಿಎಸ್‌ಗೆ ‘ಎಟ್‌ಕಾಮ್’ ಬಂದಿದೆ. ಮನೋಭಾವ, ನೈತಿಕತೆ, ಸಂವಹನದ ಪಾಠ. ಒಳ್ಳೆಯದೇ. ಆದರೆ ಅದೇ ಪಠ್ಯಕ್ರಮದ ಯಜಮಾನಿಕೆ ವಹಿಸಿಕೊಂಡ ರಾಷ್ಟ್ರೀಯ ವೈದ್ಯಕೀಯ ಆಯೋಗ 2024ರ ಆಗಸ್ಟ್ 31ರಂದು ಏನು ಮಾಡಿತು? ಫೊರೆನ್ಸಿಕ್ ಮೆಡಿಸಿನ್ ಪಾಠದಲ್ಲಿ ಸ್ತ್ರೀ ಸಲಿಂಗ ಪ್ರೇಮವನ್ನು ‘ಅಸಹಜ ಲೈಂಗಿಕ ಅಪರಾಧ’ಗಳ ಸಾಲಿಗೆ ಮತ್ತೆ ಸೇರಿಸಿತು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಆಗಲೇ ಆರು ವರ್ಷವಾಗುತ್ತ ಬಂದಿತ್ತು. ಕನ್ಯತ್ವದ ‘ಮಹತ್ವ’ವೂ ಅದೇ ಬಾಗಿಲಿನಿಂದ ಒಳಗೆ ಬಂತು. ಗದ್ದಲವಾಯಿತು, ಐದು ದಿನದಲ್ಲಿ ಹಿಂತೆಗೆದುಕೊಂಡರು. ಅದನ್ನು ಬರೆದವರ ಕೈಗೆ ಆ 20 ಹೇಳಿಕೆಗಳ ಹಾಳೆ ಯಾರಾದರೂ ಕೊಟ್ಟರೇ?

ಅಳತೆಯೇ ಬೇಡ ಎಂಬುದು ನನ್ನ ವಾದವಲ್ಲ. ಕಚ್ಚುವ ಅಳತೆ ಬೇಕು. 2016ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 222 ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ರೆಸಿಡೆಂಟ್‌ಗಳ ಮುಂದೆ ‘ನಿಮಗೆ ಕರುಣೆ ಇದೆಯೇ’ ಎಂಬ ಪ್ರಶ್ನೆ ಇಡಲಿಲ್ಲ. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಮಾತುಗಳನ್ನಿಟ್ಟು ನಿಜವೋ ಸುಳ್ಳೋ ಹೇಳಿ ಎಂದರು. ಅರ್ಧದಷ್ಟು ಮಂದಿ ಒಂದಾದರೂ ಸುಳ್ಳನ್ನು ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದು ಅಂದಾಜಿಸಿದರು, ಚಿಕಿತ್ಸೆಯ ಸಲಹೆಯಲ್ಲೂ ಎಡವಿದರು.

ನಮ್ಮಲ್ಲಿ ಇಂಥ ಪ್ರಶ್ನೆ ಹಾಕುವ ಎದೆಗಾರಿಕೆ ಯಾರಿಗಿದೆ? ಕೂಲಿ ಹೆಂಗಸಿಗೆ ಹೆರಿಗೆ ನೋವು ಅಷ್ಟಾಗಿ ತಟ್ಟುವುದಿಲ್ಲ, ಹೌದೇ ಅಲ್ಲವೇ? ಹೆರಿಗೆ ಕೋಣೆಯಲ್ಲಿ ಕಿರುಚುವವಳ ತೊಡೆಗೆ ಒಂದೇಟು ಹಾಕುವುದು ಅವಳ ಒಳ್ಳೆಯದಕ್ಕೇ, ಹೌದೇ ಅಲ್ಲವೇ? ಮೀಸಲಾತಿಯಲ್ಲಿ ಬಂದ ಸಹಪಾಠಿಯ ಕೈಗೆ ನಿಮ್ಮ ತಾಯಿಯ ಆಪರೇಷನ್ ಒಪ್ಪಿಸುತ್ತೀರಾ? ಹೆರಿಗೆ ಕೋಣೆಯಲ್ಲಿ ತಾಯಂದಿರನ್ನು ಗೌರವದಿಂದ ನೋಡಿ ಎಂದು ಹೇಳುವುದಕ್ಕೂ 2017ರಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತರಬೇಕಾಯಿತು. ಆದರೆ ಹುಡುಗರು ಬೈಗುಳ ಕಲಿಯುವುದು ರೌಂಡ್ಸಿನಲ್ಲಿ, ಹಿರಿಯರ ಬಾಯಿಂದ. ‘ಮೂರನೇ ಬೆಡ್ಡಿನ ಕೇಸು’ ಎಂಬ ಮಾತೂ ಅಲ್ಲಿಂದಲೇ.

ಆದ್ದರಿಂದ ಹಾಳೆಯನ್ನು ಹುಡುಗರ ಕೈಯಿಂದ ತೆಗೆದು ಡಿಸ್ಚಾರ್ಜ್ ಆಗುವ ತಾಯಿಗೆ ಕೊಡಿ. ಓದು ಬಾರದಿದ್ದರೆ ಹೊರಗಿನವರು ಯಾರಾದರೂ ಅವಳ ಮಾತಿನಲ್ಲೇ ಕೇಳಿ ಬರೆದುಕೊಳ್ಳಲಿ: ನಿನ್ನನ್ನು ಹೆಸರು ಹಿಡಿದು ಕರೆದರಾ? ಪರೀಕ್ಷೆ ಮಾಡುವಾಗ ಪರದೆ ಎಳೆದರಾ? ಯಾರಾದರೂ ಬೈದರಾ, ಹೊಡೆದರಾ? ಬಂದ ಅಂಕವನ್ನು ಹೌಸ್ ಸರ್ಜನ್ ಲಾಗ್‌ಬುಕ್ಕಿಗೆ ಏರಿಸಬೇಡಿ. ಯೂನಿಟ್ ಮುಖ್ಯಸ್ಥರ ಹೆಸರಿನ ಮುಂದೆ ಬರೆದು ಓಪಿಡಿ ಬಾಗಿಲಿಗೆ ಅಂಟಿಸಿ.